ಎಡಗೈಯ ಅಂಕ

ಗೆಳೆಯರೇ, ಇಂದು ಸಂಜೆ ನಮ್ಮ ದಾದರ್ ಚಾಳಿನ ಕೇರಂ ಸಂಘದಲ್ಲಿ ಮೊದಲನೆಯ ಸ್ಥಾನದ ಬಸಪ್ಪನನ್ನು ನಾನು ಸೋಲಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಬಸಪ್ಪ ಬೈಕುಲ್ಲಾದ ವರ್ಕ್‌ಶಾಪೊಂದರಲ್ಲಿ ಫಿಟ್ಟರ್. ಹೋದ ತಿಂಗಳು ಮಶೀನು ಅವನ ಬಲಗೈಯ ಮೂರು ಬೆರಳು ತಿಂದಿತು. ಇಂದು ಎಡಗೈಯಿಂದ ಆಡಿದ. ಸ್ಟ್ರೈಕರ್ ಎತ್ತ ಹೋಗುತ್ತದೆಂದು ಅವನಿಗೇ ತಿಳಿಯುತ್ತಿರಲಿಲ್ಲ.

ನಮ್ಮಲ್ಲಿ ಸೋತವನ ಅಂಕ ಗೆದ್ದವನಿಗೆ ಸೇರುತ್ತದೆ; ಸೋತದ್ದು ತನಗಿಂತ ಎಷ್ಟು ಕೆಳಗಿನವನಿಗೋ, ಕಳೆದುಕೊಳ್ಳುವ ಅಂಕವೂ ಅಷ್ಟು ಹೆಚ್ಚು. ಪಟ್ಟಿಯಲ್ಲಿ ನಾನು ಕೊನೆಯವನು. ಕಾರ್ಯದರ್ಶಿ ಶೆಟ್ಟರು ಹಲಗೆಯ ಮೇಲೆ ಬಸಪ್ಪನ ನಲವತ್ತು ಅಂಕ ಕಳೆದು ನನಗೆ ಕೂಡಿಸಿದರು.

“ಶೆಟ್ರ, ಆ ಅಂಕ ಎಲ್ಲಾ ಬಲಗೈದ್ರಿ,” ಎಂದ ಬಸಪ್ಪ. “ಎಡಗೈ ಇವತ್ತ ಆಟಕ್ಕ ಬಂದೈತಿ. ಅದನ್ನ ಹೊಸಬ ಅಂತ ಕೆಳಗ ಬರಕೊಳ್ರಿ.”

“ಅದು ಹೇಗಾಗ್ತದೆ ಮಾರಾಯ? ಕೈ ಬೇರೆಯಾದ್ರೂ ಮನುಷ್ಯ ಅದೇ ಅಲ್ವಾ?”

“ಹೌದೇನ್ರಿ? ಹಂಗಾರ ನಮ್ಮ ಮಾಲಕರಿಗೆ ಹೇಳ್ರಿ. ಹನ್ನೆರಡು ವರ್ಷದ ಫಿಟ್ಟರನ್ನ ನಿನ್ನೆಯಿಂದ ಹೊಸಬ ಅಂತ ಝಾಡು ಹಿಡಿದು ಕಸ ಹೊಡಿಯಾಕ ಹಚ್ಯಾರ.”

ಶೆಟ್ಟರು ಸೀಮೆಸುಣ್ಣ ಕೆಳಗಿಟ್ಟರು. ಹಲಗೆಯನ್ನು ತಿದ್ದಲಿಲ್ಲ. ಬಸಪ್ಪ ಟ್ರಾಮ್ ಹಿಡಿಯಲು ಹೊರಟುಹೋದ.

ಅವನು ಮೆಟ್ಟಿಲಿಳಿಯುವಷ್ಟರಲ್ಲಿ ನಾಳೆ ಅವನೆದುರು ಆಡಲು ನಾಲ್ವರು ಹೆಸರು ಬರೆಸಿದರು. ಅವನ ಅಂಕ ಪೂರ್ತಿ ಇಳಿಯುವ ಮೊದಲೇ ಸೋಲಿಸಿದರೆ ಲಾಭ ಹೆಚ್ಚು ನೋಡಿ. ನಾಳೆಯ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.