ಜಯಕ್ಕ ಮುಟ್ಟದ ನೀರು

ಜಯಕ್ಕ ಯಾರ ಮನೆಯಲ್ಲೂ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಜಾವಗಲ್ಲಿನಲ್ಲಿ ಬಸ್ಸಿಳಿದು ಉರಿಬಿಸಿಲಲ್ಲಿ ನಮ್ಮೂರಿಗೆ ನಡೆದು ಬರುವಷ್ಟರಲ್ಲಿ ತುಟಿ ಬಿರಿದಿರುತ್ತಿತ್ತು. ಚೊಂಬು ಕೊಡಹೋದರೆ, "ಬ್ಯಾಡ ಕಣಕ್ಕ" ಅಂದು ಅದೇ ನೀರಲ್ಲಿ ಮಕ್ಕಳ ಕೈ ತೊಳೆಸುವಳು. "ಬಲೇ ಜಂಬ ಇವಳಿಗೆ" ಅಂತ ಊರೆಲ್ಲ ಆಡಿಕೊಂಡಿತು.

ಹಳ್ಳಿಹಳ್ಳಿ ತಿರುಗಿ ಶುಚಿಯಾಗಿರೋದನ್ನು ಹೇಳಿಕೊಡುವುದೇ ಅವಳ ಕೆಲಸ. ಚೀಲದಲ್ಲಿ ಸದಾ ಒಂದು ಸೋಪಿನ ತುಂಡು. ಉಣ್ಣಲು ಕೂತವರ ಕೈಹಿಡಿದು ಮೂಸಿಬಿಡುವಳು! ನಮ್ಮ ಯಜಮಾನರನ್ನೂ ಬಿಡಲಿಲ್ಲ. "ಬೀಡಿ ವಾಸ್ನೆ ಐತೆ, ಸೋಪಿಂದು ಇಲ್ಲ. ಏಳಿ ಗೌಡ್ರೇ" ಅಂದು ತಟ್ಟೆ ಮುಂದಿನಿಂದ ಎಬ್ಬಿಸಿದ್ದಳು.

ಆ ವರ್ಷ ಸರ್ಕಾರದಿಂದ ಮನೆಮನೆಗೂ ಕಕ್ಕಸು ಕಟ್ಟಿಸಿಕೊಟ್ಟರು. ಸಿಮೆಂಟು ಗೋಡೆ, ತಗಡಿನ ಬಾಗಿಲು, ಒಣ ನೆಲ. ನೋಡಿದ್ದೇ ತಡ, ನಮ್ಮೂರ ಗಂಡಸರಿಗೆಲ್ಲ ಒಂದೇ ಯೋಚನೆ: ಕೊಬ್ಬರಿಗೆ ಇಡುವ ಕಾಯಿ! ಇಲಿ ಬರಲ್ಲ, ಮಳೆ ಸೋರಲ್ಲ. ಸೂರಿನ ತನಕ ಕಾಯಿ ತುಂಬಿ ಬೀಗ ಜಡಿದರು. ಹೆಂಗಸರು ಎಂದಿನಂತೆ ನಸುಕಿಗೇ ಕೆರೆ ಹಿಂದಿನ ಜಾಲಿ ಮರೆಗೆ.

ಹಿಂಗಿರುವಾಗ ನನ್ನ ಮಗಳು ಗೌರಿ ಚೊಚ್ಚಲ ಹೆರಿಗೆಗೆ ಬಂದಳು. ಹಗಲು ಬಯಲಿಗೆ ಹೋಗೋಕೆ ನಾಚಿಕೆ, ಅದಕ್ಕೇ ನೀರು ಕುಡಿಯೋದನ್ನೇ ಬಿಟ್ಟಳು. ಉರಿಮೂತ್ರ ಹತ್ತಿಕೊಂಡಿತು, ಹಿಂದೆಯೇ ಚಳಿಜ್ವರ. ತುಟಿ ಕಚ್ಚಿಕೊಂಡು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಜಯಕ್ಕ ಬಂದವಳು, ಗೌರಿ ಮುಟ್ಟದೆ ಇಟ್ಟಿದ್ದ ಚೊಂಬು ನೋಡಿದಳು, ಮಗಳ ಮುಖ ನೋಡಿದಳು. "ಹಿಂಗೇ ಬಿಟ್ರೆ ತಾಯೀನೂ ಉಳಿಯಲ್ಲ, ಮಗೂನೂ ಉಳಿಯಲ್ಲ. ಆಟೋ ಕರೆಸಿ" ಅಂದಳು. ಆಟೋ ಬರೋ ತನಕ ಅವಳೇನು ಸುಮ್ಮನೆ ಕೂತಳಾ? ನನ್ನ ಹತ್ತಿರ ಬೀಗದ ಕೈ ಇಸಕೊಂಡು ಹಿತ್ತಲ ಕಕ್ಕಸಿನಿಂದ ಕಾಯಿ ಎತ್ತಿ ಎತ್ತಿ ಹೊರಗೆ ಎಸೆದಳು.

"ಏಯ್, ಒಡೆದೋಗ್ತವೆ ಕಣಮ್ಮ!" ಅಂತ ಯಜಮಾನರು ಓಡಿಬಂದರು.

"ಒಡೆದ್ರೆ ಚಟ್ನಿ ಮಾಡ್ಕಳಿ ಗೌಡ್ರೇ. ಕಾಯಿಗೆ ಮರೆ, ಮಗಳಿಗೆ ಬಯಲಾ?"

ಅವರು ಪಂಚೆ ಎತ್ತಿ ಕಟ್ಟಿದರು. ಬಗ್ಗಿ ತಾವೇ ಕಾಯಿ ಹೊರಗಿಡತೊಡಗಿದರು.

ಅರಸೀಕೆರೆ ಆಸ್ಪತ್ರೆಯಲ್ಲಿ ಗೌರಿ ದಿನಗಟ್ಟಲೆ ನರಳಿದಳು. ಆದರೆ ಉಳಿದಳು, ದೇವರು ದೊಡ್ಡವನು! ಆಮೇಲೆ ಹುಟ್ಟಿದಳಲ್ಲ ನನ್ನ ಮೊಮ್ಮಗಳು, ನನ್ನ ಚಿನ್ನ, ನನ್ನ ಮುತ್ತು! ಅವಳು ನಕ್ಕರೆ ನಂಗೆ ಊಟವೇ ಬೇಡ.

ಮಗು ನೋಡೋಕೆ ಜಯಕ್ಕ ಬಂದಾಗ ಅವಳ ಮುಖ ಊದಿತ್ತು, ಸೊಂಟ ಹಿಡಿದು ನಡೆಯುತ್ತಿದ್ದಳು. ಕೈ ತೊಳೆದು ಕೂಸನ್ನು ಎತ್ತಿ ಮುದ್ದಾಡಿದಳು. ಆಮೇಲೆ ತಾನಾಗಿಯೇ, "ಅಕ್ಕ, ನೀರು ಕೊಡ್ತೀಯಾ?" ಅಂದಳು. ಒಂದೇ ಉಸಿರಿಗೆ ಕುಡಿದು ಇನ್ನೊಂದು ಚೊಂಬು ಕೇಳಿದಳು.

"ಇಷ್ಟು ದಿನ ಯಾಕೆ ಮುಟ್ಟಲಿಲ್ಲವೇ ತಾಯಿ?"

"ಬೆಳಗಿಂದ ಸಂಜೆಗಂಟ ಊರೂರು ತಿರುಗ್ತೀನಿ. ಕುಡಿದ್ರೆ ಎಲ್ಲಿಗೆ ಹೋಗ್ಲಕ್ಕ?" ಅಂದು ನಗುತ್ತಲೇ ಹಿತ್ತಲಿಗೆ ಹೋದಳು. ಒಳಗಿಂದ ಅಗುಳಿ ಹಾಕಿದ ಸದ್ದು ಕೇಳಿತು.

ಅದೇ ಕೊನೆ. ಕಿಡ್ನಿ ಕೆಟ್ಟು ಹಾಸನದ ಆಸ್ಪತ್ರೆ ಸೇರಿದವಳು ತಿರುಗಿ ಬರಲೇ ಇಲ್ಲ.

ಈಗ ಬಿಸಿಲಲ್ಲಿ ಯಾವ ಹೆಣ್ಣುಮಗಳು ನಮ್ಮ ಬಾಗಿಲಿಗೆ ಬಂದರೂ ನಾನು ಮೊದಲು ಹಿತ್ತಲು ತೋರಿಸುತ್ತೇನೆ. ಆಮೇಲೆ ನೀರು ಕೊಡುತ್ತೇನೆ.