ಏಳು ಒಂದುಗಳ ಸಂಖ್ಯೆ

ಗಾವಡಗೆರೆಯ ಮಿಡ್ಲ್ ಸ್ಕೂಲಿಗೆ ನಾನು ಉಪಾಧ್ಯಾಯಿನಿಯಾಗಿ ಸೇರಿದ್ದು ಐವತ್ತರ ದಶಕದಲ್ಲಿ. ಹುಣಸೂರಿನಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅಲ್ಲಿ ಗಣಿತ ಹೇಳಿಕೊಡುತ್ತಿದ್ದ ಹಿರಿಯ ಮೇಷ್ಟ್ರು ಅದೇ ಊರಿನ ರೈತರ ಮನೆಯವರು. ಹಣೆಯ ವಿಭೂತಿ ಸಂಜೆಯಾದರೂ ಅಳಿಸುತ್ತಿರಲಿಲ್ಲ. ಒಂದು ದಿನ ಅವರು ಏಳನೇ ತರಗತಿಯ ಬೋರ್ಡಿನ ಮೇಲೆ ಸಾಲಾಗಿ ಏಳು ಒಂದುಗಳನ್ನು ಬರೆದು ಹೇಳುತ್ತಿದ್ದುದು ಪಕ್ಕದ ಕೋಣೆಯಲ್ಲಿದ್ದ ನನಗೆ ಕೇಳಿಸಿತು.

"ಅನ್ನೊಂದು ಲಕ್ಷದ ಅನ್ನೊಂದು ಸಾವಿರದ ನೂರ ಅನ್ನೊಂದು. ಇದು ಅವಿಭಾಜ್ಯ ಕಣ್ರಲಾ. ಒಂದು ಬುಟ್ರೆ ಅದೇ. ಇನ್ಯಾವ ಸಂಖ್ಯೆಯಿಂದ ಭಾಗಿಸಿದ್ರೂ ಶೇಷ ಉಳೀತದೆ."

ಇಷ್ಟು ದೊಡ್ಡ ಸಂಖ್ಯೆಯನ್ನು ಇವರು ನಿಜವಾಗಿ ಪರೀಕ್ಷಿಸಿದ್ದಾರೆಯೇ ಎಂದು ನನಗೆ ಅನುಮಾನವಾಯಿತು. ಕೇಳಿದ್ದಕ್ಕೆ ಮೇಷ್ಟ್ರು ಹಳೆಯ ನೋಟ್‌ಬುಕ್ಕೊಂದನ್ನು ತಂದುಕೊಟ್ಟರು. ಆ ಸಂಖ್ಯೆಯ ವರ್ಗಮೂಲ ಸಾವಿರದ ಐವತ್ತನಾಲ್ಕರ ಆಸುಪಾಸು. ಅಷ್ಟರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅವನ್ನೆಲ್ಲ ಒಂದು ಬೇಸಿಗೆ ರಜೆಯಲ್ಲಿ ಮಾಡಿ ಮುಗಿಸಿದ್ದಾಗಿ ಹೇಳಿದರು.

ಮೊದಲ ಪುಟದಲ್ಲೇ ನನ್ನ ಅನುಮಾನ ಹೆಚ್ಚಿತು. ಮೂರರಿಂದ ಭಾಗಿಸಿದರೂ ಶೇಷ ಒಂದು, ಏಳರಿಂದಲೂ ಒಂದು, ಹನ್ನೊಂದು, ಹದಿಮೂರು, ಮೂವತ್ತೇಳರಿಂದಲೂ ಒಂದೇ. ಭಾಗಿಸದೆ ಸುಮ್ಮನೆ ಬರೆದುಕೊಂಡು ಹೋಗಿದ್ದಾರೆ ಎಂದುಕೊಂಡೆ. ನಾನೇ ಮಾಡಿ ನೋಡಿದರೆ ಎಲ್ಲವೂ ಸರಿಯಾಗಿತ್ತು. ಆರು ಒಂದುಗಳ ಸಂಖ್ಯೆಯನ್ನು ಈ ಐದೂ ನಿಶ್ಶೇಷವಾಗಿ ಭಾಗಿಸುತ್ತವೆ. ಅದರ ಮುಂದೆ ಇನ್ನೊಂದು ಒಂದನ್ನು ಬರೆದರೆ ಉಳಿಯುವುದು ಆ ಒಂದೇ. ನಾಚಿಕೆಯಾಯಿತು. ಆದರೂ ನೋಟ್‌ಬುಕ್ಕನ್ನು ಹಿಂದಿರುಗಿಸಲು ಮನಸ್ಸು ಬರಲಿಲ್ಲ. ದಿನವೂ ಮಧ್ಯಾಹ್ನದ ಬಿಡುವಿನಲ್ಲಿ ನಾಲ್ಕೈದು ಭಾಗಾಕಾರಗಳನ್ನು ತಾಳೆ ನೋಡುತ್ತಾ ಹೋದೆ.

ಇನ್ನೂರ ಮೂವತ್ತೊಂಬತ್ತರ ಎದುರು ಅವರು ಬರೆದಿದ್ದ ಶೇಷ ನಲವತ್ತನಾಲ್ಕು. ನನಗೆ ಬಂದದ್ದು ಸೊನ್ನೆ. ಭಾಗಾಕಾರದ ಎರಡನೇ ಹಂತದಲ್ಲಿ ಸಾವಿರದ ಐನೂರ ಐವತ್ತೊಂದರಿಂದ ಸಾವಿರದ ನಾನೂರ ಮೂವತ್ತನಾಲ್ಕನ್ನು ಕಳೆಯುವಾಗ ಅವರು ಹತ್ತರ ಸ್ಥಾನದಿಂದ ಕಡ ತಂದಿದ್ದನ್ನು ಮರೆತಿದ್ದರು. ನೂರ ಹದಿನೇಳು ಬರಬೇಕಾದಲ್ಲಿ ನೂರ ಇಪ್ಪತ್ತೇಳು ಬರೆದಿದ್ದರು.

ಹೇಳಿದಾಗ ಮೇಷ್ಟ್ರು ನನ್ನನ್ನೇ ದಿಟ್ಟಿಸಿದರು.

"ಯಾವ್ ಪುಸ್ತಕದಾಗೆ ನೋಡುದ್ರಿ?"

"ಪುಸ್ತಕ ನೋಡಿಲ್ಲ ಮೇಷ್ಟ್ರೇ. ನಾನೇ ಭಾಗಿಸಿದೆ."

"ಅಂಗಾರೆ ನನ್ನ ಮುಂದ್ಲೇ ಮಾಡಿ."

ಖಾಲಿ ತರಗತಿಯಲ್ಲಿ ಬೋರ್ಡಿನ ಮೇಲೆ ಭಾಗಿಸಿ ತೋರಿಸಿದೆ. ಭಾಗಲಬ್ಧ ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು. ಅವರು ಅಷ್ಟಾದರೂ ನಂಬದೆ ಸೀಮೆಸುಣ್ಣ ತೆಗೆದುಕೊಂಡು ಎರಡನ್ನೂ ಗುಣಿಸಿದರು. ಏಳು ಒಂದುಗಳು ಬಂದವು. "ಈ ನಾಲ್ಕು ಸಾವಿರದ್ದು ಇನ್ನೂ ಒಡೀತದಾ?" ಎಂದರು.

"ಇಲ್ಲ."

"ನೋಡಿದ್ದೀರಾ?"

ನೋಡಿರಲಿಲ್ಲ. ಅವರನ್ನು ಯಾವುದಕ್ಕೆ ಅನುಮಾನಿಸಿದ್ದೆನೋ ಅದನ್ನೇ ನಾನೂ ಮಾಡಿದ್ದೆ. ಮೇಷ್ಟ್ರು ನಗಲಿಲ್ಲ, ಸೀಮೆಸುಣ್ಣವನ್ನು ಎರಡಾಗಿ ಮುರಿದು ಒಂದು ತುಂಡನ್ನು ನನಗೆ ಕೊಟ್ಟರು. ಇಬ್ಬರೂ ಅರವತ್ತೇಳರವರೆಗಿನ ಅವಿಭಾಜ್ಯಗಳಿಂದ ಭಾಗಿಸಿದೆವು. ಅದು ಒಡೆಯಲಿಲ್ಲ.

ಮರುದಿನ ಅವರು ಏಳನೇ ತರಗತಿಗೆ ಹೋದಾಗ ನಾನು ಬಾಗಿಲಾಚೆ ನಿಂತೆ. ತಪ್ಪನ್ನು ಮಕ್ಕಳ ಮುಂದೆ ಒಪ್ಪುತ್ತಾರೆಂಬ ನಂಬಿಕೆ ನನಗಿರಲಿಲ್ಲ.

"ನಾನು ಏಳಿದ್ದು ತಪ್ಪು ಕಣ್ರಲಾ," ಎಂದರು. "ಕಳೆಯೋ ಲೆಕ್ಕದಾಗೆ ಎಡವಿದ್ದೆ. ಪಕ್ಕದ ಕ್ಲಾಸಿನ ಮೇಡಮ್ಮೋರು ಕಂಡಿಡುದ್ರು. ಈಗ ಎಲ್ರೂ ಸ್ಲೇಟು ತಗೀರಿ."