ಇನ್ನೊಂದಡಿ ಇಳಿಸೋಣ

ನಮ್ಮ ಕಚೇರಿಯ ಹಿರಿಯ ವಾಸ್ತುಶಿಲ್ಪಿಗಳು ಕಟ್ಟಡ ಕಟ್ಟುವವರೋ ಬಚ್ಚಿಡುವವರೋ ಎಂಬ ಅನುಮಾನ ನನಗಿನ್ನೂ ಹೋಗಿಲ್ಲ. ಕಣಿವೆಯಂಚಿನ ಬಂಡೆಯ ಮೇಲೆ ಚಿತ್ರಕಲೆಯ ಮ್ಯೂಸಿಯಂ ಬೇಕೆಂದು ಸಮಿತಿಯವರು ಬಂದ ದಿನದಿಂದ ನಮ್ಮ ಹಿರಿಯರ ಪೆನ್ಸಿಲ್ಲಿಗಿಂತ ರಬ್ಬರೇ ಬೇಗ ಸವೆಯುತ್ತಿದೆ. "ಬಂಡೆ ಈ ಮನೆ ಯಜಮಾನ, ನಾವು ನೆಂಟರು. ಬಂದ ನೆಂಟರು ಯಜಮಾನನ ತಲೆ ಮೇಲೆ ಕೂರ್ತಾರಾ?" ಎನ್ನುತ್ತಾರೆ, ಪ್ರತಿ ನಕ್ಷೆಯಲ್ಲೂ "ಇನ್ನೊಂದಡಿ ಇಳಿಸೋಣ" ಎಂದು ಚಾವಣಿಯನ್ನು ತಗ್ಗಿಸುತ್ತಾರೆ. "ಹೀಗೇ ಇಳಿಸ್ತಾ ಹೋದ್ರೆ ಪಾತಾಳದಲ್ಲೇ ಉದ್ಘಾಟನೆ ಮಾಡ್ಬೇಕಾಗುತ್ತೆ ಸಾರ್" ಎಂದು ಸಮಿತಿಯ ಅಧ್ಯಕ್ಷರು ಹಣೆ ಚಚ್ಚಿಕೊಂಡರೆ, "ತಂಪಾಗಿರುತ್ತೆ ಬಿಡಿ" ಎಂದು ಇವರು ನಗುತ್ತಾರೆ. ಮನೆಯಲ್ಲೂ ಇದೇ ಕತೆಯಂತೆ. ಗೋಡೆಯ ಮದುವೆ ಫೋಟೊ ಇಳಿಯುತ್ತಾ ಇಳಿಯುತ್ತಾ ಈಗ ಮಂಚದ ಕಾಲಿನ ಮಟ್ಟಕ್ಕೆ ಬಂದಿದೆ ಎಂದು ಅವರ ಹೆಂಡತಿಯೇ ಹೇಳಿದ್ದು. ಇಷ್ಟಾದರೂ ಕಚೇರಿಯಲ್ಲಿ ಅವರ ಕುರ್ಚಿ ಮಾತ್ರ ಕಣಿವೆ ಕಾಣುವ ಕಿಟಕಿಗೆ ಬೆನ್ನು ಹಾಕಿ, ಇನ್ನೊಂದು ಕಿಟಕಿಯಾಚೆಯ ಗುಡ್ಡದ ನೆತ್ತಿಯಲ್ಲಿ ಕೋಡಿನಂತೆ ಎದ್ದುನಿಂತ ಏಳಂತಸ್ತಿನ ಹೋಟೆಲಿನ ಕಡೆಗೇ ಇರುತ್ತದೆ. ತಿರುಗಿಸಿಡಲೇ ಎಂದು ನಾನೊಮ್ಮೆ ಕೇಳಿದೆ. "ಬೇಡ, ಹಾಗೇ ಇರಲಿ. ಮೂವತ್ತು ವರ್ಷದ ಹಿಂದೆ ನಾನೇ ಕಟ್ಟಿದ್ದು" ಎಂದರು, ನಕ್ಷೆಯ ಮೇಲಿನ ರಬ್ಬರಿನ ಪುಡಿ ಊದುತ್ತಾ. "ಅದನ್ನ ಇಳಿಸೋಕಾಗಲ್ಲ ನೋಡು."